ಸ್ಟೇರಿಂಗ್ ನಡುಗಿದರೆ ಅಲೈನ್‌ಮೆಂಟನ್ನು ಬೈಯಬೇಡಿ

ಮಳೆ ನಿಂತು ರಸ್ತೆಯ ಗುಂಡಿಗಳೆಲ್ಲ ಕಣ್ಣಿಗೆ ಕಾಣುವ ಹೊತ್ತಿಗೆ ಕಾರಿನ ಮುಂಭಾಗದ ಕೆಲಸ ಮಾಡಿಸುವವರೂ ಜಾಸ್ತಿಯಾಗುತ್ತಾರೆ. ಅದಕ್ಕೇ ಇರಬೇಕು, ಈ ಸಲದ ಪತ್ರಗಳಲ್ಲಿ ಸ್ಟೇರಿಂಗಿನದ್ದೇ ಗೋಳು. ಶಾಕ್ ಅಬ್ಸಾರ್ಬರ್ ಹಾಕಿಸಿದೆ, ದುಡ್ಡು ಹೋಯಿತು, ನಡುಕ ಬಂತು ಅಂತ. ಒಂದೊಂದಾಗಿ ನೋಡೋಣ.

ಪ್ರಶ್ನೆ: ನನ್ನದು 2014ರ ಸ್ವಿಫ್ಟ್, 92 ಸಾವಿರ ಕಿ.ಮೀ. ಓಡಿದೆ. ಟೈರು 165/80 ಆರ್14. ಮುಂದಿನ ಎರಡೂ ಶಾಕ್, ಲೋಯರ್ ಆರ್ಮ್ (ಚಕ್ರವನ್ನು ಕೆಳಗಿಂದ ಹಿಡಿದಿರುವ ತೋಳು), ಲಿಂಕ್ ರಾಡ್ ಹೊಸದು ಹಾಕಿಸಿದೆ. ಅದಾದ ಮೇಲೆ 85–90ರ ವೇಗದಲ್ಲಿ ಸ್ಟೇರಿಂಗ್ ಗಡಗಡ ನಡುಗುತ್ತದೆ, 110 ಹತ್ತಿರ ಹೋದರೆ ಕಡಿಮೆಯಾಗುತ್ತದೆ. ಮೂರು ಸಲ ಅಲೈನ್‌ಮೆಂಟ್ ಮಾಡಿಸಿದೆ, ಪ್ರಿಂಟಿನಲ್ಲಿ ಎಲ್ಲಾ ಹಸಿರು, ಅಂದರೆ ಮಿತಿಯೊಳಗೆ. ಈಗ ಸ್ಟೇರಿಂಗ್ ರ‍್ಯಾಕ್ ಬದಲಾಯಿಸಿ ಅನ್ನುತ್ತಿದ್ದಾರೆ. ಮಾಡಿಸಲೇ? (ಹಾಸನದಿಂದ ಒಬ್ಬರು)

ಉತ್ತರ: ಬೇಡ. ಸದ್ಯಕ್ಕೆ ಸ್ಟೇರಿಂಗ್ ತಿರುಗಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಹಲ್ಲಿನ ಸರಳಾದ ರ‍್ಯಾಕಿಗೆ ಕೈ ಹಾಕಬೇಡಿ. ನಾಲ್ಕನೇ ಸಲ ಅಲೈನ್‌ಮೆಂಟಿಗೂ ಹೋಗಬೇಡಿ, ನಿಮ್ಮ ಕಾಯಿಲೆಗೆ ಅಲ್ಲಿ ಮದ್ದಿಲ್ಲ.

ಅಲೈನ್‌ಮೆಂಟ್ ಅಂದರೆ ಚಕ್ರ ಯಾವ ಕೋನದಲ್ಲಿ ನಿಂತಿದೆ ಅನ್ನುವ ಲೆಕ್ಕ. ಕೋನ ತಪ್ಪಿದರೆ ಕಾರು ಒಂದು ಕಡೆಗೆ ಎಳೆಯುತ್ತದೆ, ಸ್ಟೇರಿಂಗ್ ಓರೆಯಾಗಿ ನಿಲ್ಲುತ್ತದೆ, ಟೈರಿನ ಒಂದು ಅಂಚು ಬೇಗ ಸವೆಯುತ್ತದೆ. ಆದರೆ ತಪ್ಪಿದ ಕೋನ ತಪ್ಪಿದ ಹಾಗೇ ಇರುತ್ತದೆ, ಅದು ಸೆಕೆಂಡಿಗೆ ಹತ್ತಾರು ಸಲ ಹೋಗಿ ಬಂದು ಮಾಡುವುದಿಲ್ಲ. ನಡುಕ ಬರಬೇಕಾದರೆ ತಿರುಗುವ ವಸ್ತು ಒಂದು ಬೇಕು, ಅದರ ಒಂದು ಕಡೆ ಭಾರ ಇರಬೇಕು ಇಲ್ಲವೇ ಅದು ಸೊಟ್ಟಗಿರಬೇಕು. ರಿಮ್ಮು, ಟೈರು, ಡಿಸ್ಕ್, ಹಬ್ (ಚಕ್ರ ಕೂರುವ ನಡುಭಾಗ), ಆಕ್ಸಲ್ ಶಾಫ್ಟ್ (ಗೇರ್‌ಬಾಕ್ಸಿಂದ ಚಕ್ರಕ್ಕೆ ಹೋಗುವ ಸರಳು). ಮೊದಲು ಹುಡುಕಬೇಕಾದ್ದು ಇಷ್ಟರೊಳಗೆ.

ಒಂದು ಸಣ್ಣ ಲೆಕ್ಕ ಹಾಕಿ. ನಿಮ್ಮ ಟೈರಿನ ಸುತ್ತಳತೆ ಹೆಚ್ಚುಕಡಿಮೆ 1.95 ಮೀಟರ್. 90ರ ವೇಗ ಅಂದರೆ ಸೆಕೆಂಡಿಗೆ 25 ಮೀಟರ್, ಅಷ್ಟರಲ್ಲಿ ಚಕ್ರ ಸುಮಾರು 13 ಸುತ್ತು ಹಾಕಿರುತ್ತದೆ. ರಿಮ್ಮಿನ ಅಂಚಿಂದ ಬರೀ 20 ಗ್ರಾಮಿನ ಬ್ಯಾಲೆನ್ಸಿಂಗ್ ತುಂಡು (ಚಕ್ರದ ಭಾರ ಸಮ ಮಾಡಲು ಹಾಕುವುದು) ಉದುರಿದ್ದರೆ, ಆ ವೇಗದಲ್ಲಿ ಎರಡು ಕೆ.ಜಿ.ಗೂ ಮಿಕ್ಕ ತೂಕದಷ್ಟು ಬಲ ಚಕ್ರವನ್ನು ಜಗ್ಗುತ್ತದೆ, ಸೆಕೆಂಡಿಗೆ 13 ಸಲ. 45ರಲ್ಲಿ ಅದರ ಕಾಲುಭಾಗ ಮಾತ್ರ, ಅದಕ್ಕೇ ಊರೊಳಗೆ ಗೊತ್ತಾಗುವುದಿಲ್ಲ. ಹಾಗಾದರೆ 110ರಲ್ಲಿ ಇನ್ನೂ ಜಾಸ್ತಿ ನಡುಗಬೇಕಿತ್ತಲ್ಲ ಅನ್ನುತ್ತೀರಿ, ಅಲ್ವಾ? ಬಲ ಜಾಸ್ತಿಯಾಗುವುದು ನಿಜ. ಆದರೆ ಜೋಕಾಲಿ ತಳ್ಳಿ ನೋಡಿ, ಅದು ಬರುವ ಹೊತ್ತಿಗೆ ಸರಿಯಾಗಿ ತಳ್ಳಿದರೆ ಮೇಲಕ್ಕೆ ಹೋಗುತ್ತದೆ, ಬೇಗ ಬೇಗ ತಳ್ಳಿದರೆ ತಾಳ ತಪ್ಪುತ್ತದೆ. ಸ್ಟೇರಿಂಗಿಗೂ ಸಸ್ಪೆನ್ಶನ್ನಿಗೂ ಅಂಥದೇ ಒಂದು ತಾಳ ಇದೆ, ತುಂಬಾ ಕಾರುಗಳಲ್ಲಿ ಅದು 80–100ರ ನಡುವೆ ಸಿಕ್ಕುತ್ತದೆ. ಒಂದು ವೇಗದಲ್ಲಿ ಬಂದು ಇನ್ನೊಂದರಲ್ಲಿ ಹೋಗುವ ನಡುಕ ಕಂಡರೆ ನಾನು ಮೊದಲು ಬ್ಯಾಲೆನ್ಸಿಂಗ್ ಮೇಲೇ ಅನುಮಾನ ಪಡುತ್ತೇನೆ.

ಶಾಕ್ ಹಾಕಿಸಿದ ಮೇಲೇ ಯಾಕೆ ಬಂತು ಅನ್ನುವುದು ನ್ಯಾಯವಾದ ಪ್ರಶ್ನೆ. ಶಾಕ್ ಬಿಚ್ಚಬೇಕಾದರೆ ಚಕ್ರ ಬಿಚ್ಚಲೇಬೇಕು. ನಿಮ್ಮಂಥ ಅನೇಕ ಸಣ್ಣ ಕಾರುಗಳಲ್ಲಿ ಬ್ರೇಕ್ ಡಿಸ್ಕನ್ನು ಹಬ್ಬಿಗೆ ಒತ್ತಿ ಹಿಡಿದಿರುವುದು ಚಕ್ರದ ನಟ್ಟುಗಳೇ. ಚಕ್ರ ತೆಗೆದರೆ ಡಿಸ್ಕೂ ಸಡಿಲ. ಸುತ್ತಿಗೆ ಪೆಟ್ಟಿಗೆ ತುಕ್ಕಿನ ಒಂದು ಚಕ್ಕೆ ಎದ್ದು ಡಿಸ್ಕಿಗೂ ಹಬ್ಬಿಗೂ ನಡುವೆ, ಇಲ್ಲವೇ ರಿಮ್ಮಿಗೂ ಡಿಸ್ಕಿಗೂ ನಡುವೆ ಕೂತುಬಿಟ್ಟರೆ ಚಕ್ರ ಕೂದಲೆಳೆಯಷ್ಟು ವಾರೆಯಾಗಿ ಕೂರುತ್ತದೆ. ಆಮೇಲೆ ಹುಡುಗ ಗಾಳಿ ಗನ್ ಹಿಡಿದು ಕಾರು ಇನ್ನೂ ಜಾಕಿ ಮೇಲಿರುವಾಗಲೇ ಒಂದೇ ನಟ್ಟನ್ನು ಪೂರ್ತಿ ಬಿಗಿದು ಪಕ್ಕದ್ದಕ್ಕೆ ಹೋಗುತ್ತಾನೆ. ವಾರೆ ಹಾಗೇ ಗಟ್ಟಿಯಾಯಿತು. ಅಲೈನ್‌ಮೆಂಟ್ ಪ್ರಿಂಟಿನಲ್ಲಿ ಇದನ್ನು ಕಾಣುವುದು ಕಷ್ಟ.

ಇನ್ನೊಂದು ಕಾರಣ ಜನ ಸುಲಭವಾಗಿ ನಂಬುವುದಿಲ್ಲ. ನಡುಕ ಮೊದಲೇ ಸ್ವಲ್ಪ ಇದ್ದಿರಬಹುದು. ಹಳೆಯ ಬುಷ್‌ಗಳು (ಕೀಲುಗಳಲ್ಲಿರುವ ರಬ್ಬರ್ ಬಳೆಗಳು) ಹಿಂಡಿದ ನಿಂಬೆಹಣ್ಣಿನ ಹಾಗೆ ಮೆತ್ತಗಾಗಿ ಅದನ್ನು ನುಂಗಿಕೊಂಡಿದ್ದವು. ಹೊಸ ರಬ್ಬರ್ ಗಟ್ಟಿ, ಚಕ್ರದಲ್ಲಿ ಆಗುವುದನ್ನೆಲ್ಲ ನೇರ ನಿಮ್ಮ ಕೈಗೆ ಮುಟ್ಟಿಸುತ್ತದೆ.

ಈಗ ದುಡ್ಡು ಖರ್ಚಿಲ್ಲದ ಕೆಲಸಗಳು. ನಾಲ್ಕೂ ಚಕ್ರದ ಒಳಭಾಗಕ್ಕೆ ಟಾರ್ಚ್ ಬಿಟ್ಟು ನೋಡಿ, ಮಣ್ಣು ಮೆತ್ತಿದೆಯೇ ಅಂತ. ನಗಬೇಡಿ. ಕೊಪ್ಪದ ಕಡೆ ಒಂದು ಮದುವೆಗೆ ಹೋಗಿ ತೋಟದ ರಸ್ತೆಯಲ್ಲಿ ಕಾರು ನಿಲ್ಲಿಸಿ ಬಂದ ಮೇಲೆ ನನ್ನ ಕಾರು ಹೀಗೇ ನಡುಗಿತ್ತು. ನಾನು ಮಹಾ ತಿಳಿದವನ ಹಾಗೆ ಒಂದು ಲೋಯರ್ ಆರ್ಮ್ ಬದಲಾಯಿಸಿದೆ, ಅದರ ತುದಿಯ ಗುಂಡು ಕೀಲು ಬಾಲ್ ಜಾಯಿಂಟನ್ನು ಬೈದೆ. ಕೊನೆಗೆ ರಿಮ್ಮಿನ ಒಳಗೆ ಒಣಗಿ ಇಟ್ಟಿಗೆಯಾಗಿದ್ದ ಕೆಂಪು ಮಣ್ಣನ್ನು ಕೆರೆದು ತೆಗೆದದ್ದು ಪಂಕ್ಚರ್ ಅಂಗಡಿಯ ಹುಡುಗ. ಅದೂ ಬಿಟ್ಟಿಯಾಗಿ.

ಮಣ್ಣಿಲ್ಲದಿದ್ದರೆ, ಮುಂದಿನ ಚಕ್ರಗಳನ್ನು ತೆಗೆದು ಹಬ್ಬಿನ ಮುಖ, ಡಿಸ್ಕಿನ ಒಳಮುಖ, ರಿಮ್ಮು ಕೂರುವ ಜಾಗ ಮೂರನ್ನೂ ತಂತಿ ಬ್ರಷ್‌ನಲ್ಲಿ ಉಜ್ಜಿ. ನಟ್ಟುಗಳನ್ನು ಕೈಯಲ್ಲಿ ತಿರುಗಿಸಿ ಕೂರಿಸಿ, ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಕೊನೆಯ ಬಿಗಿತ ಚಕ್ರ ನೆಲಕ್ಕೆ ತಾಗಿದ ಮೇಲೆ, ಟಾರ್ಕ್ ವ್ರೆಂಚಿನಲ್ಲಿ. ಎಷ್ಟು ಅನ್ನುವುದು ಕಾರಿನ ಪುಸ್ತಕದಲ್ಲಿದೆ, ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್ ಒಳಗೆ ಇರುತ್ತದೆ. ಪಾನಾದ ಮೇಲೆ ನಿಂತು ಕುಣಿಯುವುದು ಬೇಡ.

ಆಮೇಲೂ ನಡುಗಿದರೆ ಮುಂದಿನ ಎರಡು ಚಕ್ರ ಹಿಂದಕ್ಕೆ, ಹಿಂದಿನವು ಮುಂದಕ್ಕೆ. ನಡುಕ ಸ್ಟೇರಿಂಗ್ ಬಿಟ್ಟು ಸೀಟಿಗೆ ಹೋಯಿತು ಅಂದರೆ ಕಳ್ಳ ಚಕ್ರದಲ್ಲಿದ್ದಾನೆ, ಟೈರು ಇಲ್ಲವೇ ರಿಮ್ಮು. ಬ್ಯಾಲೆನ್ಸಿಂಗ್ ಮಾಡಿಸಿ, ಮಾಡಿಸುವಾಗ ಅಲ್ಲೇ ನಿಂತು ಚಕ್ರ ತಿರುಗುವುದನ್ನು ಪಕ್ಕದಿಂದ ನೋಡಿ. ರಿಮ್ಮಿನ ಅಂಚು ಹಾವಿನ ಹಾಗೆ ಓಲಾಡಿದರೆ ಬೆಂಡ್ ಆಗಿದೆ. ಟೈರು ಮೇಲೆ ಕೆಳಗೆ ಕುಣಿದರೆ ಒಳಗಿನ ಬೆಲ್ಟ್ ಬಿಟ್ಟಿರಬಹುದು, ಅದನ್ನು ಎಷ್ಟು ಬ್ಯಾಲೆನ್ಸ್ ಮಾಡಿದರೂ ಉಪಯೋಗವಿಲ್ಲ, ಹೈವೇಯಲ್ಲಿ ಅದು ಅಪಾಯ ಕೂಡ. ಜಾಗ ಬದಲಾಯಿಸಿದ ಮೇಲೂ ನಡುಕ ಸ್ಟೇರಿಂಗಿನಲ್ಲೇ ಉಳಿದರೆ ಹಬ್ಬು, ಡಿಸ್ಕು, ಬೇರಿಂಗ್ ಕಡೆ ನೋಡಿ.

ಕೊನೆಗೆ ಪ್ಲೇ, ಅಂದರೆ ಕೀಲುಗಳ ಸಡಿಲ. ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು (ಬರೀ ಜಾಕಿ ನಂಬಿ ಕೆಳಗೆ ತೂರಬೇಡಿ), ಟೈರನ್ನು ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲುಗಿಸಿ. ಸದ್ದು ಬಂದರೆ ಟೈ ರಾಡ್, ಅಂದರೆ ಚಕ್ರವನ್ನು ಎಡಬಲಕ್ಕೆ ತಿರುಗಿಸುವ ಸರಳು. 12 ಮತ್ತು 6ರಲ್ಲಿ ಹಿಡಿದು ಅಲುಗಿಸಿದಾಗ ಸದ್ದು ಬಂದರೆ ಬೇರಿಂಗ್ ಇಲ್ಲವೇ ಬಾಲ್ ಜಾಯಿಂಟ್. ಇವು ತಾವಾಗಿ ನಡುಕ ಹುಟ್ಟಿಸುವುದು ಕಡಿಮೆ, ಇರುವ ನಡುಕವನ್ನು ದೊಡ್ಡದು ಮಾಡುತ್ತವೆ. ರ‍್ಯಾಕ್ ಕೂಡ ಅದೇ ಸಾಲಿನದು.

ನೀವು ಕೇಳದ ಒಂದು ಮಾತು. ಲೋಯರ್ ಆರ್ಮಿನ ಬುಷ್ ಬೋಲ್ಟುಗಳನ್ನು ಚಕ್ರ ನೇತಾಡುತ್ತಿರುವಾಗಲೇ ಪೂರ್ತಿ ಬಿಗಿದಿದ್ದರೆ, ಕಾರು ಇಳಿಸಿದ ಕ್ಷಣದಿಂದಲೇ ಬುಷ್ ಒಳಗೊಳಗೇ ತಿರುಚಿಕೊಂಡಿರುತ್ತದೆ, ವರ್ಷ ಕಳೆಯುವ ಮೊದಲೇ ಹರಿಯಬಹುದು. ಭಾರ ಚಕ್ರದ ಮೇಲೆ ಬಿದ್ದ ಮೇಲೆ ಬಿಗಿಯಬೇಕು. ಒಂದು ಸಲ ಸಡಿಲಿಸಿ ಮತ್ತೆ ಬಿಗಿಸಿಕೊಳ್ಳಿ, ಅದಾದ ಮೇಲೆ ಬೇಕಾದರೆ ನಾಲ್ಕನೇ ಅಲೈನ್‌ಮೆಂಟ್ ಮಾಡಿಸಿ. ಆಗ ಅದಕ್ಕೆ ಅರ್ಥ ಇದೆ.

ಪ್ರಶ್ನೆ: ಶಾಕ್ ಬದಲಾಯಿಸಿದ ಮೇಲೆ ಕಾರು ಎಡಕ್ಕೆ ಎಳೆಯುತ್ತದೆ, ನೇರ ಹೋಗುವಾಗ ಸ್ಟೇರಿಂಗ್ ಬಲಕ್ಕೆ ಓರೆಯಾಗಿರುತ್ತದೆ. ನಡುಕ ಇಲ್ಲ. ಮೆಕ್ಯಾನಿಕ್ ಸ್ಟೇರಿಂಗ್ ಬಿಚ್ಚಿ ನೇರ ಕೂರಿಸಿಕೊಡುತ್ತೇನೆ ಅಂದಿದ್ದಾರೆ. (ದಾವಣಗೆರೆ)

ಉತ್ತರ: ಸ್ಟೇರಿಂಗ್ ಬಿಚ್ಚಲು ಬಿಡಬೇಡಿ. ಅದು ಕನ್ನಡಿ ಓರೆ ಮಾಡಿ ಮುಖ ನೆಟ್ಟಗೆ ಕಾಣಿಸಿದ ಹಾಗೆ. ಒಳಗೆ ರ‍್ಯಾಕ್ ನಡುವಿನಲ್ಲಿ ಇಲ್ಲದೇ ಹೋದರೆ ಒಂದು ಕಡೆಗೆ ಜಾಸ್ತಿ ತಿರುಗುತ್ತದೆ, ಇನ್ನೊಂದು ಕಡೆಗೆ ಕಡಿಮೆ. ಅದರ ಮೇಲೆ ಏರ್‌ಬ್ಯಾಗ್ ಇದೆ. 2019ರ ಜುಲೈ ನಂತರ ಬಂದ ಹೊಸ ಕಾರುಗಳಲ್ಲಿ ಡ್ರೈವರ್ ಕಡೆಯ ಏರ್‌ಬ್ಯಾಗ್ ಕಡ್ಡಾಯ, ಹಳೆಯವುಗಳಲ್ಲೂ ಎಷ್ಟೋ ಕಾರಿಗೆ ಇದೆ. ಅದರ ತಂತಿಯ ಸುರುಳಿ ಸ್ಟೇರಿಂಗಿನ ಹಿಂದೆಯೇ ಕೂತಿರುತ್ತದೆ, ತಪ್ಪಾಗಿ ಕೂರಿಸಿದರೆ ತಿರುಗಿಸುವಾಗ ಕಿತ್ತುಹೋಗುತ್ತದೆ.

ಕಾರು ನೇರ ಹೋಗುತ್ತದೆ, ಸ್ಟೇರಿಂಗ್ ಮಾತ್ರ ಓರೆ ಅನ್ನುವುದಾದರೆ ಮದ್ದು ಸುಲಭ. ಸ್ಟೇರಿಂಗನ್ನು ನಡುವಿಗೆ ತಂದು ಲಾಕ್ ಮಾಡಿ, ಒಂದು ಕಡೆಯ ಟೈ ರಾಡ್ ಎಷ್ಟು ಉದ್ದವಾಗುತ್ತದೋ ಇನ್ನೊಂದು ಕಡೆ ಅಷ್ಟೇ ಗಿಡ್ಡ ಮಾಡಬೇಕು. ಒಟ್ಟು ಟೋ (ಮೇಲಿಂದ ನೋಡಿದರೆ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಬದಲಾಗುವುದಿಲ್ಲ, ಸ್ಟೇರಿಂಗ್ ನೆಟ್ಟಗಾಗುತ್ತದೆ.

ಆದರೆ ನಿಮ್ಮದು ಎಳೆತವೂ ಹೌದು. ನಿಜವಾಗಿ ಎಳೆಯುತ್ತಿದೆಯೇ ಮೊದಲು ನೋಡಿ. ನಮ್ಮ ರಸ್ತೆಗಳು ನೀರು ಹರಿಯಲಿ ಅಂತ ಎಡಕ್ಕೆ ಇಳಿಜಾರು, ಹಾಗಾಗಿ ಎಲ್ಲಾ ಕಾರೂ ಒಂಚೂರು ಎಡಕ್ಕೆ ವಾಲುತ್ತದೆ. ಸಮತಟ್ಟಾದ ಖಾಲಿ ಜಾಗದಲ್ಲಿ ಓಡಿಸಿ ನೋಡಿ. ಅಲ್ಲೂ ಎಳೆದರೆ ಮುಂದಿನ ಎಡ ಬಲ ಟೈರುಗಳನ್ನು ಅದಲು ಬದಲು ಮಾಡಿ (ಒಂದೇ ದಿಕ್ಕಿಗೆ ತಿರುಗಬೇಕೆಂದು ಬಾಣದ ಗುರುತು ಇರುವ ಟೈರಾದರೆ ಇದು ಆಗದು). ಈಗ ಬಲಕ್ಕೆ ಎಳೆದರೆ ತಪ್ಪು ಟೈರಿನದು. ಓಡಿಸಿ ಬಂದ ಮೇಲೆ ಎಡಗಡೆ ರಿಮ್ಮು ಬಲಗಡೆಗಿಂತ ಕಾದಿದ್ದರೆ ಬ್ರೇಕ್ ಹಿಡಿದುಕೊಂಡಿದೆ.

ಇವೆರಡೂ ಅಲ್ಲದಿದ್ದರೆ ಪ್ರಿಂಟ್ ತೆಗೆದು ಕ್ಯಾಂಬರ್ (ಚಕ್ರದ ತಲೆ ಹೊರಕ್ಕೆ ವಾಲಿದರೆ ಪ್ಲಸ್, ಒಳಕ್ಕೆ ವಾಲಿದರೆ ಮೈನಸ್) ಸಾಲು ನೋಡಿ. ಜನ ಮೋಸ ಹೋಗುವುದು ಇಲ್ಲೇ. ಕಂಪನಿ ಕೊಟ್ಟ ಮಿತಿ ಎರಡೂ ಚಕ್ರಕ್ಕೆ ಪ್ಲಸ್ ಇಲ್ಲವೇ ಮೈನಸ್ 1 ಡಿಗ್ರಿ ಅಂತಿಟ್ಟುಕೊಳ್ಳಿ. ಎಡಕ್ಕೆ +30 ನಿಮಿಷ, ಬಲಕ್ಕೆ −30 ನಿಮಿಷ ಬಂದರೆ ಎರಡೂ ಹಸಿರು. ಆದರೆ 60 ನಿಮಿಷಕ್ಕೆ 1 ಡಿಗ್ರಿ, ಎರಡರ ನಡುವೆ ಪೂರ್ತಿ 1 ಡಿಗ್ರಿ ವ್ಯತ್ಯಾಸ. ಪ್ಲಸ್ ಇರುವ ಕಡೆಗೆ, ಅಂದರೆ ಎಡಕ್ಕೆ, ಕಾರು ಎಳೆದೇ ಎಳೆಯುತ್ತದೆ. ಶಾಕಿನ ಕೆಳಗೆ ಎರಡು ಬೋಲ್ಟ್ ಇವೆಯಲ್ಲ, ಅವುಗಳ ತೂತಿನಲ್ಲಿ ಸ್ವಲ್ಪ ಸಂದು ಇರುತ್ತದೆ. ಬಿಗಿಯುವಾಗ ಚಕ್ರ ಒಳಕ್ಕೆ ವಾಲಿತ್ತೋ ಹೊರಕ್ಕೋ ಅನ್ನುವುದರ ಮೇಲೆ ಕ್ಯಾಂಬರ್ ಬದಲಾಗುತ್ತದೆ. ಸಡಿಲಿಸಿ, ಬೇಕಾದ ಕಡೆಗೆ ಒತ್ತಿ ಹಿಡಿದು ಬಿಗಿದರೆ ಎಷ್ಟೋ ಸಲ ಸರಿಹೋಗುತ್ತದೆ. ಒಂದು ಕಡೆ ಎಷ್ಟು ಪ್ಲಸ್ಸೋ ಇನ್ನೊಂದು ಕಡೆ ಅಷ್ಟೇ ಮೈನಸ್ ಅಂತ ಕಂಡರೆ ಇನ್ನೊಂದು ಅನುಮಾನ: ಕೆಲಸಕ್ಕೆಂದು ಸಬ್‌ಫ್ರೇಮ್ (ಲೋಯರ್ ಆರ್ಮುಗಳನ್ನು ಹೊತ್ತ ಚೌಕಟ್ಟು) ಇಳಿಸಿ, ತಿರುಗಿ ಹಾಕುವಾಗ ಪಕ್ಕಕ್ಕೆ ಜರುಗಿಸಿದ್ದಾರೆಯೇ ಕೇಳಿ. ಕ್ಯಾಂಬರ್ ಮುಟ್ಟಿದ ಮೇಲೆ ಟೋ ಮತ್ತೆ ಸರಿಮಾಡಲೇಬೇಕು.

ಟೋ ಬಗ್ಗೆ ಉದಾಸೀನ ಮಾಡುವವರಿಗೆ ಒಂದು ಲೆಕ್ಕ. ಒಂದು ಚಕ್ರ ಅರ್ಧ ಡಿಗ್ರಿ ವಾರೆಯಾಗಿದ್ದರೆ 1 ಕಿ.ಮೀ. ಓಡುವಷ್ಟರಲ್ಲಿ ಸುಮಾರು 8.7 ಮೀಟರ್ ಅಡ್ಡಕ್ಕೆ ಉಜ್ಜಿದ ಹಾಗೆ. ದಾವಣಗೆರೆಯಿಂದ ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಟೈರಿನ ಗತಿ ಏನು ನೀವೇ ನೋಡಿ.

ಪ್ರಶ್ನೆ: ಶಾಕ್ ಕೆಲಸ ಆದ ಮೇಲೆ ದೇವಿಮನೆ ಘಾಟಿ ಹತ್ತುವಾಗ ಎರಡನೇ, ಮೂರನೇ ಗೇರಿನಲ್ಲಿ ಕಾರಿನ ಮೂತಿ ಎಡಕ್ಕೂ ಬಲಕ್ಕೂ ಓಲಾಡಿದ ಹಾಗೆ ನಡುಗುತ್ತದೆ. ಆಕ್ಸಿಲರೇಟರ್ ಬಿಟ್ಟರೆ ನಿಂತುಹೋಗುತ್ತದೆ. ಇಳಿಯುವಾಗ ಇಲ್ಲ. (ಶಿರಸಿ)

ಉತ್ತರ: ಆಕ್ಸಿಲರೇಟರ್ ಬಿಟ್ಟರೆ ನಿಲ್ಲುತ್ತದೆ ಅಂತ ಬರೆದಿದ್ದೀರಲ್ಲ, ಅರ್ಧ ಕೆಲಸ ನೀವೇ ಮುಗಿಸಿದ್ದೀರಿ. ಚಕ್ರದ ಬ್ಯಾಲೆನ್ಸಿಗೆ ನೀವು ಆಕ್ಸಿಲರೇಟರ್ ಒತ್ತಿದರೂ ಒಂದೇ, ಬಿಟ್ಟರೂ ಒಂದೇ. ಇದು ಆಕ್ಸಲ್ ಶಾಫ್ಟಿನ ಒಳಗಡೆ ಜಾಯಿಂಟ್, ಗೇರ್‌ಬಾಕ್ಸ್ ಪಕ್ಕದ್ದು. ಶಾಕಿನ ಬೋಲ್ಟ್ ಬಿಚ್ಚಿ ಹಬ್ಬನ್ನು ಹಾಗೇ ಹೊರಕ್ಕೆ ವಾಲಲು ಬಿಟ್ಟರೆ ಶಾಫ್ಟ್ ಎಳೆದುಕೊಂಡು ಒಳಗಿನ ರೋಲರುಗಳು ಜಾಗ ಬಿಟ್ಟು ಬರುತ್ತವೆ. ಕಟ್ಟಿ ನೇತುಹಾಕಬೇಕಿತ್ತು, ಒಂದು ತುಂಡು ತಂತಿ ಸಾಕಿತ್ತು. ರಬ್ಬರ್ ಬೂಟ್ ಹರಿದಿದೆಯೇ, ಸುತ್ತ ಗ್ರೀಸ್ ಚೆಲ್ಲಿದೆಯೇ ನೋಡಿಸಿ, ಬಿಚ್ಚಿ ರೋಲರ್ ಸವೆದಿದ್ದರೆ ಜಾಯಿಂಟ್ ಬದಲಾಯಿಸಿ. ಅಲೈನ್‌ಮೆಂಟಿಗೆ ಸುಮ್ನೆ ದುಡ್ಡು ಹಾಕಬೇಡಿ.

ಪ್ರಶ್ನೆ: ತೋಟಕ್ಕೆ ಜಿಪ್ಸಿ ಇಟ್ಟುಕೊಂಡಿದ್ದೇನೆ. ಉದ್ದ ಶ್ಯಾಕಲ್ (ಸ್ಪ್ರಿಂಗ್ ಪಟ್ಟಿಯ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಹಾಕಿಸಿ ಎತ್ತರ ಮಾಡಿಸಿದೆ, ದೊಡ್ಡ ಟೈರು ಹಾಕಿದೆ. 60ರಲ್ಲಿ ಸಣ್ಣ ಹಂಪ್ ಹಾರಿದರೂ ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುವ ಹಾಗೆ ಹೊಡೆದುಕೊಳ್ಳುತ್ತದೆ, ಪೂರ್ತಿ ನಿಲ್ಲಿಸಿದರೆ ಮಾತ್ರ ಸುಮ್ಮನಾಗುತ್ತದೆ. (ಮಡಿಕೇರಿ)

ಉತ್ತರ: ಹಾಸನದವರಿಗೆ ಹೇಳಿದ್ದನ್ನು ಇಲ್ಲಿ ನಾನೇ ಸ್ವಲ್ಪ ತಿದ್ದಿಕೊಳ್ಳಬೇಕು. ಜಿಪ್ಸಿಯ ಮುಂದೆ ಇರುವುದು ಇಡೀ ಒಂದೇ ಆಕ್ಸಲ್, ಎರಡು ಚಕ್ರಕ್ಕೂ ಸೇರಿ. ಇಲ್ಲಿ ಒಂದು ಚಕ್ರ ಬೆಚ್ಚಿದರೆ ಇನ್ನೊಂದೂ ಬೆಚ್ಚುತ್ತದೆ, ಅದು ತಿರುಗಿ ಮೊದಲನೆಯದನ್ನು ಬೆಚ್ಚಿಸುತ್ತದೆ. ಇದಕ್ಕೆ ಕೋನವೂ ಕಾರಣವಾಗುತ್ತದೆ, ಮುಖ್ಯವಾಗಿ ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದೂ ಅಲ್ವಾ ಕೈಬಿಟ್ಟರೂ ನೇರ ಹೋಗಲು ಒಂದು ಕಾರಣ? ಅಂಥ ಓರೆ ಅದು. ಉದ್ದ ಶ್ಯಾಕಲ್ ಹಾಕಿದಾಗ ಪಟ್ಟಿಯ ಮುಂದಿನ ತುದಿ ಕೆಳಗಿಳಿದು ಆಕ್ಸಲ್ ಮುಂದಕ್ಕೆ ಉರುಳಿದ ಹಾಗಾಗುತ್ತದೆ, ಕ್ಯಾಸ್ಟರ್ ಕಡಿಮೆಯಾಗುತ್ತದೆ. ಆಕ್ಸಲ್ಲಿಗೂ ಪಟ್ಟಿಗೂ ನಡುವೆ ಬೆಣೆ ಆಕಾರದ ತುಂಡು ಕೊಟ್ಟು ಅದನ್ನು ವಾಪಸ್ ತರಬೇಕು.

ಅದಕ್ಕೂ ಮೊದಲು ಕಿಂಗ್‌ಪಿನ್ ಬೇರಿಂಗ್ (ಚಕ್ರ ಎಡಬಲಕ್ಕೆ ತಿರುಗುವ ಕೀಲಿನದು) ನೋಡಿಸಿ. ಟೈ ರಾಡ್ ಬಿಚ್ಚಿ ಹಬ್ಬನ್ನು ಕೈಯಲ್ಲಿ ತಿರುಗಿಸಿದರೆ ಹಿತವಾದ ಬಿಗಿ ಇರಬೇಕು, ಬಾಗಿಲಿನ ಹಾಗೆ ಸುಲಭವಾಗಿ ತೂಗಾಡಿದರೆ ಬೇರಿಂಗ್ ಸವೆದಿದೆ ಇಲ್ಲವೇ ಶಿಮ್ (ತೆಳು ತಗಡಿನ ಬಿಲ್ಲೆ) ಕಡಿಮೆ ಮಾಡಬೇಕು. ಟೈ ರಾಡ್, ಡ್ರ್ಯಾಗ್ ಲಿಂಕ್, ಪಟ್ಟಿಯ ಬುಷ್, ಟೈರಿನ ಬ್ಯಾಲೆನ್ಸ್ ಆಮೇಲೆ. ಹೊಸ ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗಿನ ಹೊಡೆತ ತಗ್ಗಿಸುವ ಸಣ್ಣ ಶಾಕ್) ಹಾಕಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕೆಲವು ದಿನ ಸರಿಹೋಗುತ್ತದೆ ಕೂಡ, ನೋವಿನ ಮಾತ್ರೆ ನುಂಗಿದ ಹಾಗೆ. ದಾರಿಯಲ್ಲಿ ಹಾಗಾದರೆ ಸ್ಟೇರಿಂಗ್ ಜೊತೆ ಗುದ್ದಾಡಬೇಡಿ, ಹೆಬ್ಬೆರಳು ಒಳಗೆ ಹಾಕದೆ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಮೆಲ್ಲಗೆ ನಿಲ್ಲಿಸಿ.

ಪ್ರಶ್ನೆ: ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗ್ ನಡುಗುತ್ತದೆ. (ಉಡುಪಿ)

ಉತ್ತರ: ಡಿಸ್ಕ್. ದಪ್ಪ ಎಲ್ಲಾ ಕಡೆ ಒಂದೇ ಇಲ್ಲ. ಲೇತ್ ಹಾಕಿಸಬಹುದು, ಆದರೆ ಎಷ್ಟು ಸವೆಯುವವರೆಗೆ ಬಳಸಬಹುದು ಅನ್ನುವುದನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೊರೆದಿರುತ್ತಾರೆ, ಅದಕ್ಕಿಂತ ತೆಳ್ಳಗಾಗುವುದಾದರೆ ಹೊಸದೇ ಹಾಕಿ. ಹಾಕುವ ಮೊದಲು ಹಬ್ಬಿನ ತುಕ್ಕು ಉಜ್ಜಿಸಿ, ಕರಾವಳಿಯ ಗಾಳಿಗೆ ಅದು ಇದ್ದೇ ಇರುತ್ತದೆ. ಉಜ್ಜದೇ ಹಾಕಿದರೆ ಹೊಸ ಡಿಸ್ಕೂ ಕೆಲವು ಸಾವಿರ ಕಿ.ಮೀ. ಆದ ಮೇಲೆ ಅದೇ ಹಾಡು ಹಾಡುತ್ತದೆ. ಘಾಟಿ ಇಳಿಯುವಾಗ ಕೆಳಗಿನ ಗೇರಿನಲ್ಲಿ ಇಳಿಯಿರಿ.

ಪ್ರಶ್ನೆ: ನಮ್ಮ ಊರಿನಿಂದ ಅಲೈನ್‌ಮೆಂಟ್ ಮೆಷಿನ್ 60 ಕಿ.ಮೀ. ದೂರ. ಇಲ್ಲೇ ಟೈ ರಾಡ್ ಎಂಡ್ ಬದಲಾಯಿಸಿದರೆ ಅಲ್ಲಿಯವರೆಗೆ ಓಡಿಸುವುದು ಹೇಗೆ? (ಕಳಸ ಕಡೆಯಿಂದ)

ಉತ್ತರ: ಹಳೆಯದನ್ನು ಬಿಚ್ಚುವ ಮೊದಲೇ ಲಾಕ್ ನಟ್ಟಿನ ಜಾಗಕ್ಕೆ ಬಣ್ಣದ ಗುರುತು ಹಾಕಿ, ಬಿಚ್ಚುವಾಗ ಎಷ್ಟು ಸುತ್ತು ಅಂತ ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕಿ. ಹೊಸ ತುಂಡಿನ ಉದ್ದ ಕೂದಲಷ್ಟು ಬೇರೆ ಇರಬಹುದು, ಅದಕ್ಕೆ ಇನ್ನೊಂದು ಪರೀಕ್ಷೆ. ಸಮತಟ್ಟು ನೆಲದಲ್ಲಿ ಸ್ಟೇರಿಂಗ್ ನೇರ ಇಟ್ಟು, ಕಾರನ್ನು ಮುಂದಕ್ಕೆ ಒಂದೆರಡು ಮೀಟರ್ ತಳ್ಳಿ ನಿಲ್ಲಿಸಿ. ಎರಡೂ ಟೈರಿನ ನಡುಗೆರೆಯ ಮೇಲೆ, ಮುಂದುಗಡೆ, ಸಾಧ್ಯವಾದಷ್ಟು ಹಬ್ಬಿನ ಎತ್ತರದಲ್ಲಿ ಸೀಮೆಸುಣ್ಣದಲ್ಲಿ ಗುರುತು ಮಾಡಿ ಟೇಪ್ ಹಿಡಿದು ದೂರ ಅಳೆಯಿರಿ. ಆ ಗುರುತು ಹಿಂದಕ್ಕೆ ಬರುವಷ್ಟು ಕಾರನ್ನು ಮತ್ತೆ ಮುಂದಕ್ಕೆ ತಳ್ಳಿ, ಅಷ್ಟೇ ಎತ್ತರದಲ್ಲಿ ಇನ್ನೊಮ್ಮೆ ಅಳೆಯಿರಿ. ಎರಡೂ ಒಂದೇ ಬಂದರೆ, ಇಲ್ಲವೇ ಮುಂದಿನ ಅಳತೆ 1–2 ಮಿ.ಮೀ. ಕಡಿಮೆ ಇದ್ದರೆ, ನಿಧಾನಕ್ಕೆ ಓಡಿಸಿಕೊಂಡು ಹೋಗಲು ಅಡ್ಡಿ ಇಲ್ಲ. ಲಾಕ್ ನಟ್ ಬಿಗಿದಿದ್ದೀರಾ, ಬಾಲ್ ಜಾಯಿಂಟಿನ ನಟ್ಟಿಗೆ ಪಿನ್ ಇದ್ದರೆ ಅದನ್ನು ಹಾಕಿದ್ದೀರಾ ಎರಡೆರಡು ಸಲ ನೋಡಿ.

ಮೆಷಿನ್ ಅಂಗಡಿ ಮುಟ್ಟಿದ ಮೇಲೆ, ಕಾರು ಮೇಲೆ ಹತ್ತಿಸುವ ಮೊದಲು ನಾಲ್ಕೂ ಟೈರಿನ ಗಾಳಿ ಸರಿಮಾಡಿಸಿ. ಮತ್ತೆ, ಡಿಕ್ಕಿಯಲ್ಲಿ ಅಡಿಕೆ ಮೂಟೆ ಇದ್ದರೆ ಇಳಿಸಿಬಿಡಿ. ಹಿಂದೆ ಕುಸಿದು ಮುಂದೆ ಎದ್ದು ನಿಂತ ಕಾರಿನ ಅಳತೆ ಸರಿ ಬರುವುದಿಲ್ಲ.